ಪಾರ್ಲೆಯ ವಿನೋದಿನಿ ಮತ್ತು ವಾರಸುದಾರರಿಲ್ಲದ ಕವಿತೆ

“ದೇವಸ್ಥಾನವಾದರೂ ಮಧ್ಯಾಹ್ನ ಬಾಗಿಲು ಹಾಕುತ್ತದೆ, ವಿನೋದಿನಿಯ ಮನೆ ಹಾಕುವುದಿಲ್ಲ,” ಎಂದು ವಿಲೆ ಪಾರ್ಲೆಯ ಆ ಹಳೆಯ ಬಿಲ್ಡಿಂಗಿನವರು ಹೇಳುತ್ತಿದ್ದರು. ಹೊಗಳಿಕೆಯೇ, ಅದರಲ್ಲಿ ಅನುಮಾನ ಬೇಡ. ಎದುರು ಮನೆಯ ಗುಜರಾತಿ ಹಿತೇಶನಂತೂ ಹೊಸ ಬಾಡಿಗೆದಾರರು ಯಾರೇ ಬರಲಿ, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಮೊದಲು “ಚಾವಿ ವಿನೋದಿನಿಬೆನ್ ಹತ್ತಿರ ಇಟ್ಟುಬಿಡಿ, ಟೆನ್ಶನ್ ಬೇಡ” ಎಂದು ಹೇಳಿಕೊಡುತ್ತಿದ್ದ. ಮೇಲಿನ ಮಾಳಿಗೆಯ ಮುದುಕಿಯೊಬ್ಬಳು, “ಅವಳು ಇರುವ ತನಕ ನಮಗೆ ವಾಚ್‌ಮನ್ ದಂಡ,” ಎನ್ನುತ್ತಿದ್ದಳು. ವಾಚ್‌ಮನ್ ಸಹ ಆ ಮಾತಿಗೆ ತಲೆಯಾಡಿಸುತ್ತಿದ್ದ. ಅವನ ಖೋಲಿಯ ಚಾವಿಯೂ ಅವಳಲ್ಲೇ ಇತ್ತು.

ಬಾಗಿಲಿನ ಪಕ್ಕದ ಗೋಡೆಗೆ ಒಂದು ಮರದ ಪಟ್ಟಿ, ಅದಕ್ಕೆ ಸಾಲಾಗಿ ಮೊಳೆ, ಮೊಳೆಗೊಂದು ಚಾವಿ. ಒಂದಕ್ಕೆ ಕೆಂಪು ಉಲ್ಲನ್ ದಾರ, ಒಂದಕ್ಕೆ ಪ್ಲಾಸ್ಟಿಕ್ಕಿನ ಗಣಪತಿ, ಒಂದಕ್ಕೆ ಮುರಿದ ಬಾಚಣಿಗೆಯ ತುಂಡು. ಬೆಳಗಿನ ಲೋಕಲ್ ಹಿಡಿಯಲು ಓಡುವವರು ಮೆಟ್ಟಿಲಿನಿಂದಲೇ ಚಾವಿ ಎಸೆಯುತ್ತಿದ್ದರು, ಅವಳು ಹಿಡಿಯುತ್ತಿದ್ದಳು. ಆಮೇಲೆ ಮನೆಗೆಲಸದ ಬಾಯಿ ಬಂದು ಒಯ್ಯಬೇಕು, ಗ್ಯಾಸಿನವನು ಬರಬೇಕು, ಶಾಲೆ ಬಿಟ್ಟ ಮಕ್ಕಳು ಬರಬೇಕು. ಹೀಗೆ ದಿನವಿಡೀ ಬಾಗಿಲು ಬಡಿಯುವವರಿಗಾಗಿ ಒಬ್ಬರು ಮನೆಯಲ್ಲಿ ಇರಲೇಬೇಕು. ವಿನೋದಿನಿ ಇದ್ದಳು.

ಅವಳು ಉಡುಪಿಯ ಕಡೆಯ ಶಿರ್ವದವಳು. ಬಿ.ಎ. ಪರೀಕ್ಷೆ ಬರೆದು ಮುಗಿಸಿದ ಬೇಸಿಗೆಯಲ್ಲಿ ಅತ್ತಿಗೆಯ ಬಾಣಂತನಕ್ಕೆಂದು ಅಣ್ಣ ಚೆನ್ನಯ ಕರೆಸಿಕೊಂಡಿದ್ದ. “ಎರಡು ತಿಂಗಳು ಮಾರಾಯ್ತಿ, ಮಳೆ ಹಿಡಿಯುವ ಮೊದಲು ಕಳಿಸ್ತೇನೆ,” ಎಂದಿದ್ದ. ಮಳೆ ಹಿಡಿಯಿತು, ಬಿಟ್ಟಿತು. ಮಗು ಸುಹಾಸ ನಡೆಯಲು ಕಲಿಯುವಷ್ಟರಲ್ಲಿ ಅತ್ತಿಗೆ ಕಾಮಾಲೆಯಲ್ಲಿ ತೀರಿಹೋದಳು. ಮಗು ಸ್ವಲ್ಪ ದೊಡ್ಡದಾಗಲಿ ಎಂದ ಅಣ್ಣ. ಮಗು ದೊಡ್ಡದಾಯಿತು, ಶಾಲೆಗೆ ಸೇರಲಿ ಎಂದ. ಸೇರಿತು, ಹತ್ತನೆಯದು ಮುಗಿಯಲಿ ಎಂದ. ಊರಲ್ಲಿ ಅವಳಿಗಾಗಿ ನೋಡಿಟ್ಟಿದ್ದ ಗಂಡು ಬೇರೆ ಮದುವೆಯಾಗಿ, ಅವನ ಮಗಳ ಮದುವೆಯ ಕಾಗದವೂ ಇದೇ ಮನೆಗೆ ಬಂತು. ಈಗ ಸುಹಾಸನಿಗೇ ಮದುವೆಯಾಗಿದೆ. ಹೆಂಡತಿ ರೂಪಾಲಿ ಮರಾಠಿ ಹುಡುಗಿ, ಬಾಂದ್ರಾದ ಒಂದು ಆಫೀಸಿನಲ್ಲಿ ಕೆಲಸ. ಅವರಿಗೆ ಸೃಜನ್ ಎಂಬ ಕೂಸು. ರೂಪಾಲಿಯ ರಜೆ ದೀಪಾವಳಿಗೆ ಮುಗಿಯುತ್ತಿತ್ತು. ಕೂಸನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇನಿದೆ? ಅತ್ತೆ ಇದ್ದಾಳಲ್ಲ.

ಆ ಮನೆಯ ಬಾಗಿಲಿಗೆ ಬೀಗ ಕೂರಿಸುವಾಗ ಮೂರು ಚಾವಿ ಬಂದಿದ್ದವು. ಒಂದು ಚೆನ್ನಯನದು, ಒಂದು ಸುಹಾಸನದು, ಅತ್ತಿಗೆಯದು ಈಗ ರೂಪಾಲಿಯ ಪರ್ಸಿನಲ್ಲಿ. ವಿನೋದಿನಿಗೆ ಇರಲಿಲ್ಲ. ಕೊಡುವುದಿಲ್ಲ ಎಂದು ಯಾರೂ ಹೇಳಿದ್ದಲ್ಲ. ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಒಳಗೇ ಇರುವವಳಿಗೆ ಹೊರಗಿನಿಂದ ತೆರೆಯುವ ಚಾವಿ ಯಾತಕ್ಕೆ?

ಹರಿಣಿ ಎಂಬವಳು ಶಿರ್ವದ ಶಾಲೆಯಲ್ಲಿ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಗಂಡ ಹೋದ ಮೇಲೆ ಅಂಧೇರಿಯ ಮರೋಲ್‌ನಲ್ಲಿ ಎರಡು ಖೋಲಿಯ ಮನೆ ಮಾಡಿ, ಮದುವೆ ಅಡುಗೆಯವರಿಗೆ ಚಕ್ಕುಲಿ, ಹೋಳಿಗೆ, ಪತ್ರೊಡೆ ಮಾಡಿಕೊಡುತ್ತಿದ್ದಳು. ಅವಳ ಫೋನು ಬಂದರೆ ಒಂದೇ ಮಾತು.

“ಏ ವಿನೋದಿ, ಬರ್ತೀಯಾ ಇಲ್ವಾ? ನನ್ನ ಜೊತೆಗಿದ್ದವಳು ಊರಿಗೆ ಹೋದಳು. ಮಂಚ ಖಾಲಿ ಉಂಟು, ಕೆಲಸ ರಾಶಿ ಉಂಟು. ದೀಪಾವಳಿ ಆರ್ಡರ್ ಶುರುವಾಗುವ ಮೊದಲು ನೀನು ಹೇಳದಿದ್ದರೆ ನಾನು ಬೇರೆಯವರನ್ನು ಇಟ್ಕೊಳ್ತೇನೆ. ಆಮೇಲೆ ಅಳಬೇಡ.”

“ನೋಡುವ,” ಎನ್ನುತ್ತಿದ್ದಳು ವಿನೋದಿನಿ.

“ಮೂವತ್ತು ವರ್ಷದಿಂದ ನೋಡ್ತಾ ಇದ್ದೀಯಲ್ಲ, ಕಣ್ಣು ನೋಯೋದಿಲ್ವಾ ನಿನಗೆ?”

ಇಷ್ಟೇ ಆಗಿದ್ದರೆ ಇದು ಊರೂರಲ್ಲಿ ಇರುವ ಕತೆ. ಆದರೆ ಆ ಮನೆಗೆ ಕವಿಗಳು ಬರುತ್ತಿದ್ದರು.

ಚೆನ್ನಯ ಬಾಂದ್ರಾದ ಉಡುಪಿ ಹೋಟೆಲೊಂದರಲ್ಲಿ ಬಹಳ ಕಾಲ ಮ್ಯಾನೇಜರನಾಗಿದ್ದವನು. ಕೌಂಟರಿನಲ್ಲಿ ಕೂತು ಬಿಲ್ಲಿನ ಹಿಂಭಾಗದಲ್ಲಿ ಕವಿತೆ ಬರೆಯುತ್ತಿದ್ದವನು ನಿವೃತ್ತಿಯಾದ ಮೇಲೆ ಕವಿಗಳ ಕೂಟವನ್ನೇ ಕಟ್ಟಿದ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವನ ಹಾಲ್‌ನಲ್ಲಿ ಸೇರುವುದು. ಬರುವವರಲ್ಲಿ ಮುಖ್ಯ ಪರಪ್ಪ ಮಾಸ್ತರರು. ವಿಜಯಪುರದ ಕಡೆಯವರು, ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ ಅಲ್ಲಿನ ಕರಿಹಲಗೆಯೊಂದನ್ನು ಕೇಳಿ ಪಡೆದು, ಟೆಂಪೋದಲ್ಲಿ ಹಾಕಿ ತಂದು ಈ ಹಾಲ್‌ನ ಗೋಡೆಗೆ ನಿಲ್ಲಿಸಿದ್ದರು. ಇನ್ನೊಬ್ಬಳು ವಿಜೇತಾ, ಅಂಧೇರಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ. ಕನ್ನಡ ಮಾತಾಡುವಾಗ ಎಡವುತ್ತಿದ್ದಳು, ಬರೆಯುವಾಗ ಕಡಿಮೆ ಎಡವುತ್ತಿದ್ದಳು.

ಕೂಟದ ಪದ್ಧತಿ ಮಾಸ್ತರರು ಮಾಡಿದ್ದು. ಬರೆದ ಕವಿತೆಗೆ ಹೆಸರು ಹಾಕಬಾರದು. ಮಡಚಿ ಚಕ್ಕುಲಿ ಡಬ್ಬಿಯೊಳಗೆ ಹಾಕಬೇಕು. ಮಾಸ್ತರರು ಕೈಗೆ ಸಿಕ್ಕ ಒಂದನ್ನು ತೆಗೆದು, ತಮ್ಮ ಗುಂಡು ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು, ಚೀಟಿಯನ್ನು ಹರಿದುಹಾಕುತ್ತಿದ್ದರು. ಆಮೇಲೆ ಎಲ್ಲರೂ ಅದರ ಮೇಲೆ ಬೀಳುವುದು. ಬರೆದವರು ಬಾಯಿ ಬಿಡಬಾರದು. ಬೇಕಿದ್ದರೆ ಗುರುತು ಸಿಗದಂತೆ ತಮ್ಮದನ್ನೇ ಬೈಯಬಹುದು. ಎಲ್ಲ ಮುಗಿದ ಮೇಲೆ “ನನ್ನದು” ಎಂದು ಹೇಳಿ, ಒಪ್ಪಿದ್ದನ್ನು ಒಪ್ಪಿ, ಹಲಗೆ ಒರೆಸುವುದು. ಯಾರೂ “ನನ್ನದು” ಎನ್ನದಿದ್ದರೆ? ಅದು ವಾರಸುದಾರರಿಲ್ಲದ ಕವಿತೆ. ವಾರಸುದಾರರು ಬರುವ ತನಕ ಅದನ್ನು ಒರೆಸುವಂತಿಲ್ಲ. ಈ ನಿಯಮ ಮಾಡಿದ್ದು ಹೌದು, ಬಳಸುವ ಸಂದರ್ಭ ಮಾತ್ರ ಎಂದೂ ಬಂದಿರಲಿಲ್ಲ. ಬರೆದದ್ದನ್ನು ತನ್ನದಲ್ಲ ಎನ್ನುವ ಕವಿ ಎಲ್ಲಿದ್ದಾನೆ?

ವಿನೋದಿನಿ ಅವರಿಗೆ ಚಾ, ಗೋಳಿಬಜೆ ಕೊಡುತ್ತ, ಬಾಗಿಲು ಬಡಿದವರಿಗೆ ಚಾವಿ ಕೊಡುತ್ತ, ಮೂರು ವರ್ಷ ಕೇಳಿದಳು. ಆ ವರ್ಷದ ಗಣಪತಿ ಹಬ್ಬ ಮುಗಿದ ಭಾನುವಾರ, ಡಬ್ಬಿ ತೊಳೆದು ಒರೆಸಿ ತಂದಿಡುವಾಗ, ಅದರೊಳಗೆ ಒಂದು ಚೀಟಿಯನ್ನೂ ಹಾಕಿಟ್ಟಳು. ಯಾಕೆ ಹಾಕಿದಳೆಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ತನ್ನದು ಎಲ್ಲಿ ಬರುತ್ತದೆ ಎಂದುಕೊಂಡಿದ್ದಳು. ಮಾಸ್ತರರ ಕೈಗೆ ಮೊದಲು ಸಿಕ್ಕಿದ್ದೇ ಅದು.

ಚಾಕ್ ಕಿರಗುಟ್ಟಿತು. ಹಲಗೆಯ ಮೇಲೆ ಬಿಳಿಯಾಗಿ ಮೂಡಿತು:

ಬಿಲ್ಡಿಂಗಿನ ಚಾವಿಗಳೆಲ್ಲ
ನನ್ನ ಗೋಡೆಯ ಮೇಲೆ.
ಕೇಳಿದವರಿಗೆ ಕೇಳಿದ್ದನ್ನು
ನಿದ್ದೆಯಲ್ಲೂ ಕೊಟ್ಟೇನು.
ನಾನಿರುವ ಮನೆಯದು ಮಾತ್ರ
ನನ್ನ ಕೈಯಲ್ಲಿಲ್ಲ.
ಅದು ಬೇಕಾಗಲೇ ಇಲ್ಲ,
ನನಗೆ ಇಲ್ಲೇ ಸುಖ.

ವಿನೋದಿನಿ ಅಡುಗೆಮನೆಯ ಹೊಸ್ತಿಲಲ್ಲಿ ಟ್ರೇ ಹಿಡಿದು ನಿಂತಿದ್ದಳು. ಮುಂದೆ ಬರಲೂ ಆಗಲಿಲ್ಲ, ಹಿಂದೆ ಹೋಗಲೂ ಆಗಲಿಲ್ಲ.

ಮೊದಲು ಗಂಟಲು ಸರಿಮಾಡಿದವನು ಚೆನ್ನಯ. “ಚಾವಿ ಎಂತಕ್ಕೆ ಮಾರ್ರೆ? ಕನ್ನಡದಲ್ಲಿ ಬೀಗದ ಕೈ ಅಂತ ಚಂದದ ಶಬ್ದ ಉಂಟಲ್ಲ. ಅದಿರಲಿ. ಅರ್ಥ ನೋಡಿ, ಗಂಭೀರ ಉಂಟು. ಬಿಲ್ಡಿಂಗ್ ಅಂದರೆ ಈ ಸಂಸಾರ. ಮನೆ ಅಂದರೆ ದೇಹ. ಚಾವಿ ಅಂದರೆ ಜ್ಞಾನ. ಬೇರೆಯವರಿಗೆ ಬೋಧನೆ ಮಾಡುವ ಗುರುವಿಗೆ ತನ್ನ ದೇಹದ ಗುಟ್ಟೇ ತಿಳಿದಿಲ್ಲ!”

ಅವನು ಹೀಗೆ ಹೇಳುವಾಗ ಅವನ ತಲೆಯ ಹಿಂದೆಯೇ ಮರದ ಪಟ್ಟಿಯಿತ್ತು, ಫ್ಯಾನಿನ ಗಾಳಿಗೆ ಚಾವಿಗಳು ಒಂದಕ್ಕೊಂದು ತಾಗುತ್ತಿದ್ದವು. ಒಬ್ಬರೂ ಆ ಕಡೆ ನೋಡಲಿಲ್ಲ. ಕವಿಗಳು ನೋಡಿ, ಹಲಗೆಯ ಮೇಲೆ ಬಂದದ್ದನ್ನು ಗೋಡೆಯ ಮೇಲೆ ಹುಡುಕುವವರಲ್ಲ.

“ಸರ್, ಬಟ್ ನನಗೆ ಇದು ರಿಯಲಿಸ್ಟಿಕ್ ಅನಿಸೋದಿಲ್ಲ,” ಎಂದಳು ವಿಜೇತಾ. “ಮುಂಬಯಿಯಲ್ಲಿ ಯಾರ ಹತ್ತಿರ ಅವರ ಘರ್ ಕೀ ಚಾವಿ ಇರೋದಿಲ್ಲ? ಪಿ.ಜಿ.ಯಲ್ಲಿ ಇರುವ ಹುಡುಗಿಯರ ಹತ್ತಿರ ಕೂಡ ಇರ್ತದೆ. ಓದುವವರು ನಂಬೋದಿಲ್ಲ.”

ಪರಪ್ಪ ಮಾಸ್ತರರು ಕೈಗೆ ಮೆತ್ತಿದ ಚಾಕ್ ಪುಡಿಯನ್ನು ಪಂಚೆಗೆ ಒರೆಸಿಕೊಂಡರು. “ನಂಬೂದು ಬಿಡೂದು ಆಮ್ಯಾಲಿಂದು. ‘ಕೇಳಿದವರಿಗೆ ಕೇಳಿದ್ದನ್ನು’ ಛಲೋ ಅದ. ‘ನಿದ್ದೆಯಲ್ಲೂ’ ಅಂಬೂದು ಭಾಳ ಛಲೋ ಅದ. ಆದ್ರ ಈ ಕಡೀ ಎರಡು ಸಾಲು ಅದಾವಲ್ಲ, ಶುದ್ಧ ಸುಳ್ಳು.”

“ಸುಳ್ಳು ಹೇಗೆ?” ಎಂದ ಚೆನ್ನಯ.

“ಬೇಕಾಗಲೇ ಇಲ್ಲ ಅಂದ್ರ ಬರದದ್ದು ಯಾಕ? ಹಸಿವಿ ಇಲ್ಲದಾಂವ ಊಟದ ಮ್ಯಾಲೆ ಕವಿತಾ ಬರೀತಾನೇನು? ಮ್ಯಾಲಿನ ಆರು ಸಾಲಿನ್ಯಾಗ ಒಬ್ಬರು ನಿಂತು ಕೂಗ್ಲಿಕ್ಹತ್ಯಾರ. ಕೆಳಗಿನ ಎರಡರಾಗ ಅವರ ಬಾಯಿ ಮ್ಯಾಲೆ ಅವರ ಕೈ ಇಟ್ಟಾರ. ಯಾರರೆ ಬರದೀರಿ, ಹೇಳ್ರಿ, ನಿಮ್ಮದ?”

ಯಾರೂ ಹೇಳಲಿಲ್ಲ. ಚೆನ್ನಯ ವಿಜೇತಾಳನ್ನು ನೋಡಿ ನಕ್ಕ. ವಿಜೇತಾ ಮಾಸ್ತರರನ್ನು ನೋಡಿದಳು. ಮಾಸ್ತರರು ಚೆನ್ನಯನನ್ನು ನೋಡಿದರು. ಅಷ್ಟರಲ್ಲಿ ಬಾಗಿಲು ಬಡಿಯಿತು. ವಿನೋದಿನಿ ಟ್ರೇ ಕೆಳಗಿಟ್ಟು, ಪ್ಲಾಸ್ಟಿಕ್ ಗಣಪತಿಯ ಚಾವಿಯನ್ನು ನೋಡದೆಯೇ ತೆಗೆದು, ಬಂದವರ ಕೈಗೆ ಕೊಟ್ಟಳು.

“ಹಂಗಾರ ಇದು ಇಲ್ಲೇ ಇರಲಿ,” ಎಂದರು ಮಾಸ್ತರರು. “ವಾರಸುದಾರರು ಬರೂತನಕಾ ಒರಸಬ್ಯಾಡ್ರಿ. ಕಡೀ ಸಾಲು ಸುಧಾರಿಸೂದಿದ್ರ ಯಾರೂ ಇಲ್ಲದಾಗ ಬಂದು ಸುಧಾರಿಸ್ರಿ. ಚಾವಿ ಹ್ಯಾಂಗೂ ವಿನೋದಿನಿಬಾಯಿ ಕಡೆ ಇರ್ತದ!”

ಎಲ್ಲರೂ ಜೋರಾಗಿ ನಕ್ಕರು.

ಅಂದಿನಿಂದ ಒಂದು ತಿಂಗಳು ಅವಳಿಗೆ ತನ್ನ ಮಾತೇ ಗೋಡೆಯಾಗಿ ಎದುರು ನಿಂತಿತು. ಕೂಸಿಗೆ ರಾಗಿ ಮಣ್ಣಿ ತಿನ್ನಿಸುವಾಗ ಅದು ಎದುರಿಗೆ. ಬಟ್ಟೆ ಮಡಚುವಾಗ ಅದು ಎದುರಿಗೆ. ಚೆನ್ನಯ ಪೇಪರ್ ಓದುತ್ತ ನಡುವೆ ತಲೆಯೆತ್ತಿ, “ಆ ವಿಜೇತಾ ಹುಡುಗಿ ಚುರುಕು ಉಂಟು, ನಮ್ಮ ಮನೆಯ ಗೋಡೆ ನೋಡಿಯೇ ಕದ್ದಿದ್ದಾಳೆ ನೋಡು ಉಪಮೆ,” ಎಂದ. ಅಂದರೆ ಅವನಿಗೆ ಗೋಡೆ ಕಾಣದೆ ಇರಲಿಲ್ಲ. ಗೋಡೆಯ ಪಕ್ಕ ನಿಂತವಳು ಕಾಣಲಿಲ್ಲ.

ರೂಪಾಲಿಗೆ ಕನ್ನಡ ಅರ್ಧಂಬರ್ಧ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು: “ಆತ್ಯಾ, ಅದು ಏನು ಬರೆದಿದ್ದಾರೆ? ಇಷ್ಟು ದಿನ ಆಯ್ತು, ಪುಸಲಾ ನಾಹೀ, ಒರೆಸಲೇ ಇಲ್ಲ.”

ವಿನೋದಿನಿ ಒಂದೊಂದೇ ಸಾಲನ್ನು ತನಗೆ ಬರುವ ಮರಾಠಿಯಲ್ಲಿ ಹೇಳಿದಳು. ಬೇರೆ ಭಾಷೆಯಲ್ಲಿ ಹೇಳುವಾಗ ಅದು ಯಾರದೋ ಸಂಗತಿಯಂತೆ ಕೇಳಿಸಿತು. ಆ ಯಾರೋ ಒಬ್ಬಳ ಬಗ್ಗೆ ಅವಳಿಗೆ ಪಾಪ ಅನ್ನಿಸಿತು.

ರೂಪಾಲಿ ಮರದ ಪಟ್ಟಿಯ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು, ಮತ್ತೆ ಕೂಸಿನ ಕಡೆ ನೋಡಿದಳು. ಅವಳಿಗೆ ತಿಳಿಯಿತೋ ಇಲ್ಲವೋ, ಹೇಗೆ ಹೇಳುವುದು? “ನಾನು ದೀಪಾವಳಿಗೆ ಜಾಯಿನ್ ಆಗಲೇಬೇಕು ಆತ್ಯಾ,” ಎಂದಳು. “ಇಲ್ಲದಿದ್ದರೆ ಕೆಲಸ ಹೋಗ್ತದೆ.” ಕವಿತೆಗೂ ಆ ಮಾತಿಗೂ ಏನು ಸಂಬಂಧವೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಮರುದಿನ ಮನೆಯಲ್ಲಿ ಕೂಸು ಬಿಟ್ಟರೆ ಯಾರೂ ಇಲ್ಲದಾಗ ವಿನೋದಿನಿ ಸೆರಗಿನ ತುದಿಯಿಂದ ಕೊನೆಯ ಎರಡು ಸಾಲನ್ನು ಒರೆಸಿದಳು. ಸುಳ್ಳು ಹೋಯಿತು. ಅಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಚಾಕ್ ಹಿಡಿದು ನಿಂತೇ ಇದ್ದಳು, ಹಾಲು ಉಕ್ಕಿ ಒಲೆ ಆರುವ ತನಕ.

ಮುಂದಿನ ಕೂಟದ ದಿನ ಹಲಗೆಯ ಕೆಳಭಾಗ ಖಾಲಿ ಇರುವುದನ್ನು ಕಂಡು ಕವಿಗಳಿಗೆ ಹಬ್ಬವಾಯಿತು. “ಕಳ್ಳ ಬಂದು ಹೋಗಿದ್ದಾನೆ!” ಎಂದು ಚೆನ್ನಯ ಕುಣಿದ. ಖಾಲಿ ಜಾಗ ಕಂಡರೆ ಕವಿಗಳು ಬಿಡುತ್ತಾರೆಯೇ? ಎಲ್ಲರೂ ತುಂಬಲು ಹೊರಟರು.

“‘ಕಿಟಕಿಯಿಂದ ನೋಡುತ್ತೇನೆ, ಲೋಕಲ್ ಹೋಗುತ್ತದೆ’ ಅಂತ ಹಾಕಿದರೆ?” ಎಂದಳು ವಿಜೇತಾ. “ಬಾಂಬೆ ಫೀಲ್ ಬರ್ತದೆ.”

“ಲೋಕಲ್ ಬ್ಯಾಡವಾ. ಮುಂಬಯಿ ಕವಿತಾ ಅಂದ್ರ ಲೋಕಲ್ ಬರಲೇಬೇಕಂತ ರೂಲ್ ಅದ ಏನು? ನಾಕು ಕವಿತಾದಾಗ ಮೂರು ಹಳಿ ಮ್ಯಾಲೆ ಬಿದ್ದು ಸಾಯ್ತಾವ,” ಎಂದರು ಮಾಸ್ತರರು.

“ನಾನು ಹೇಳ್ತೇನೆ ಕೇಳಿ,” ಎಂದು ಚೆನ್ನಯ ಎದ್ದ. ಚಾಕ್ ತೆಗೆದುಕೊಂಡು, ಹೋಟೆಲಿನ ಬೋರ್ಡಿನ ಮೇಲೆ ಇವತ್ತಿನ ಸ್ಪೆಷಲ್ ಬರೆಯುವ ಕೈಯಲ್ಲಿ ಚಂದವಾಗಿ ಬರೆದ:

ಚಾವಿ ಯಾತಕೆ ನನಗೆ?
ನಾನೇ ಈ ಮನೆಯ ಚಾವಿ.

“ವಾಹ್!” ಎಂದಿತು ಹಾಲ್. ವಿಜೇತಾ ಚಪ್ಪಾಳೆ ತಟ್ಟಿದಳು. ಮಾಸ್ತರರು ಕೂಡ ತಲೆ ಒಂದು ಕಡೆ ವಾಲಿಸಿ “ಹೂಂ, ಕೂಡ್ತದ,” ಎಂದರು. ಚೆನ್ನಯ ಕೈ ಝಾಡಿಸಿ, ಅಡುಗೆಮನೆಯ ಕಡೆ ತಿರುಗಿ, “ವಿನೋದಿ, ಇನ್ನೊಂದು ರೌಂಡ್ ಚಾ ಬರಲಿ!” ಎಂದ.

ವಿನೋದಿನಿ ಬಂದಳು, ಚಾ ತರಲಿಲ್ಲ. ಅವಳ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ನೇರ ಹಲಗೆಯ ಬಳಿ ಹೋಗಿ ಅಣ್ಣ ಬರೆದ ಎರಡು ಸಾಲನ್ನು ಒರೆಸಿದಳು.

“ಏ, ಏ, ಎಂತ ಮಾಡ್ತಿ? ಒರೆಸ್ಲಿಕ್ಕಿಲ್ಲ ಅದನ್ನು!”

“ನನ್ನದು,” ಎಂದಳು.

“ಎಂತ ನಿನ್ನದು?”

“ಕವಿತೆ ಅಣ್ಣ. ನಾನು ಬರೆದದ್ದು.”

ವಿಜೇತಾ ನಿಧಾನವಾಗಿ ಗೋಡೆಯ ಕಡೆ ತಿರುಗಿ, ಮರದ ಪಟ್ಟಿಯನ್ನು ಈ ಜನ್ಮದಲ್ಲಿ ಮೊದಲ ಸಲ ಕಂಡವಳಂತೆ ನೋಡಿದಳು. “ಓ ಗಾಡ್,” ಎಂದು ಬಾಯಿಗೆ ಕೈಯಿಟ್ಟುಕೊಂಡಳು. “ರಿಯಲಿಸ್ಟಿಕ್ ಇಲ್ಲ ಅಂದೆ ನಾನು.”

ಚೆನ್ನಯನಿಗೆ ಸಿಟ್ಟು ಬಂತೆಂದು ನೀವು ತಿಳಿದರೆ ತಪ್ಪು. ಅವನ ಮುಖ ಅರಳಿತು. ಕಣ್ಣಲ್ಲಿ ನೀರೇ ಬಂತು. “ನಮ್ಮ ವಿನೋದಿಯಾ? ನನ್ನ ತಂಗಿ ಬರೆದದ್ದಾ? ಅಯ್ಯೋ ಮಾರಾಯ್ತಿ, ಒಂದು ಮಾತು ಹೇಳಬಾರದಾ! ನೋಡಿ ಮಾಸ್ತರ್ರೆ, ರಕ್ತದಲ್ಲಿ ಉಂಟು ಇದು, ನಮ್ಮ ಕುಟುಂಬದ ರಕ್ತದಲ್ಲಿ! ಇನ್ನು ಮುಂದೆ ನೀನೂ ಇಲ್ಲಿ ನಮ್ಮ ಜೊತೆ ಕೂತುಕೊಳ್ಳಬೇಕು. ಚಾ ಮೊದಲೇ ಮಾಡಿ ಫ್ಲಾಸ್ಕಿನಲ್ಲಿ ಇಟ್ಟು ಬಂದುಬಿಡು. ಬಜೆ ಸಹ ಮೊದಲೇ ಕರಿದಿಟ್ಟರೆ ಆಯಿತು.”

ಎಲ್ಲರೂ ಹೊಗಳಿದರು. ಹೊಗಳಿಕೆ ಮೈಮೇಲೆ ಬೀಳುತ್ತಿದ್ದ ಹಾಗೆ ವಿನೋದಿನಿ ಕೈಯ ಒದ್ದೆ ಬಟ್ಟೆಯನ್ನು ಹಿಂಡುತ್ತ ನಿಂತಳು. ಸಹಾಯಕ್ಕೆ ಕೂಗಿದವಳಿಗೆ ದನಿ ಚಂದ ಉಂಟು ಎಂದು ಹೇಳಿ ಕಳಿಸಿದ ಹಾಗಿತ್ತು ಅದು.

ಪರಪ್ಪ ಮಾಸ್ತರರು ಮಾತ್ರ ಹೊಗಳಲಿಲ್ಲ. ಕುರ್ಚಿ ಅವಳ ಕಡೆ ತಿರುಗಿಸಿದರು. “ಕವಿತಾ ಒತ್ತಟ್ಟಿಗಿರಲಿ ತಂಗೀ. ಇದು ಖರೇ ಏನು?”

“ಖರೆ.”

“ಹಂಗಾರ ಕಡೀ ಸಾಲು ಯಾಕ ಖಾಲಿ ಬಿಟ್ಟಿ?”

“ಒಳಗೆ ಕೂತು ಹೊಳೆಯುವುದಿಲ್ಲ ಮಾಸ್ತರ್ರೆ. ಮರೋಲ್‌ನಲ್ಲಿ ನನ್ನ ಗೆಳತಿ ಕರೀತಾ ಇದ್ದಾಳೆ. ಅಲ್ಲಿ ಹೋಗಿ ಇರುವ ಅಂತ ಉಂಟು.”

ಚೆನ್ನಯ ನಕ್ಕ. ನಗು ಅರ್ಧಕ್ಕೆ ನಿಂತಿತು. “ಇರುವುದು ಅಂದರೆ? ಎಷ್ಟು ದಿನಕ್ಕೆ?”

ಅವಳು ಒದ್ದೆ ಬಟ್ಟೆ ಹಿಡಿದು ಒಳಗೆ ಹೋದಳು. ಅಂದು ಚಾ ಇಲ್ಲದೆಯೇ ಕೂಟ ಮುಗಿಯಿತು.

ಆಮೇಲಿನ ಎರಡು ದಿನ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಯ ಸದ್ದು ಹೆಚ್ಚು. ಸುಹಾಸ ಬಂದು, “ಅತ್ತೆ, ಏನಾದರೂ ಹರ್ಟ್ ಆಯ್ತಾ? ರೂಪಾಲಿ ಏನಾದರೂ ಅಂದಳಾ?” ಎಂದು ಕೇಳಿದ. ಯಾರೂ ಏನೂ ಅಂದಿರಲಿಲ್ಲ. ಅದೇ ಕಷ್ಟ. ಯಾರಾದರೂ ಏನಾದರೂ ಅಂದಿದ್ದರೆ ಅವಳು ಎಂದೋ ಹೋಗಿರುತ್ತಿದ್ದಳು. ಇಷ್ಟು ವರ್ಷ ಈ ಮನೆಯಲ್ಲಿ ಅವಳಿಗೊಂದು ಕೆಟ್ಟ ಮಾತು ಸಿಕ್ಕಿರಲಿಲ್ಲ. ಹಾಗಾಗಿ ಹೊರಡಲು ಒಂದು ನೆಪವೂ ಸಿಕ್ಕಿರಲಿಲ್ಲ.

ಮೂರನೆಯ ದಿನ ಚೆನ್ನಯ ಸ್ಟೇಷನ್ನಿನ ಕಡೆಯಿಂದ ಬೆವರುತ್ತ ಬಂದ. ಅವಳನ್ನು ಕರೆದು, ಅಂಗೈಯಲ್ಲಿ ಹೊಳೆಯುವ ಹೊಸ ಚಾವಿಯೊಂದನ್ನು ಇಟ್ಟ. ಅದಕ್ಕೊಂದು ಹಸಿರು ರಿಬ್ಬನ್ ಕಟ್ಟಿಸಿದ್ದ.

“ನಮ್ಮ ಮನೆಯದು. ಮಾಡಿಸಿಕೊಂಡು ಬಂದೆ,” ಎಂದ. “ನನಗೆ ಹೊಳೀಲೇ ಇಲ್ಲ ವಿನೋದಿ. ಇಷ್ಟು ವರ್ಷ ನಿನ್ನ ಹತ್ತಿರ ಚಾವಿ ಇರಲಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಆಯ್ತಲ್ಲ? ಈಗ ಸರಿಯಾಯ್ತಲ್ಲ?”

ನೋಡಿ, ಎಂಥ ಸಂಕಟ! ಅವನು ಕವಿತೆಯನ್ನು ಒಂದು ಅಕ್ಷರ ಬಿಡದೆ ಓದಿದ್ದ, ಕವಿತೆ ಏನು ಇಲ್ಲ ಎಂದಿತ್ತೋ ಅದನ್ನೇ ತಂದು ಕೊಟ್ಟಿದ್ದ. ವಿನೋದಿನಿಯ ಎದೆ ಕರಗಿತು. ಅಣ್ಣನ ಕುತ್ತಿಗೆಯ ಬೆವರನ್ನು ಸೆರಗಿನಿಂದ ಒರೆಸಿದಳು. ಬೇಡ ಎಂದು ಹೇಗೆ ಹೇಳುವುದು? ಚಾವಿ ತೆಗೆದುಕೊಂಡಳು. ಹರಿಣಿಗೆ ಫೋನು ಮಾಡಿ, “ಸ್ವಲ್ಪ ತಡೆ,” ಎಂದಳು. ಅತ್ತ ಕಡೆಯಿಂದ ಬರಿಯ ಎಣ್ಣೆಯ ಚುರ್ ಎಂಬ ಸದ್ದು ಬಂತು.

ಮರುದಿನ ಸಂಜೆ ಅವಳು ಆ ಚಾವಿ ಹಿಡಿದು ಹೊರಗೆ ಹೋದಳು. ಕೆಲಸವಿಲ್ಲದೆ, ಸುಮ್ಮನೆ. ಹೂವಿನವರ ಸಾಲು ದಾಟಿದಳು, ಸ್ಟೇಷನ್ನಿನ ಸೇತುವೆ ಹತ್ತಿದಳು, ಅಲ್ಲಿ ನಿಂತು ಜನರನ್ನು ನೋಡಿದಳು. ತನ್ನನ್ನು ಯಾರೂ ಏನೂ ಕೇಳುತ್ತಿಲ್ಲ ಎಂಬುದು ಎಂಥ ರುಚಿ! ಒಂದು ವಡಾಪಾವ್ ತಿಂದಳು, ಬಾಯಿ ಸುಟ್ಟುಕೊಂಡಳು. ಮನೆಗೆ ಮರಳಿ ಚಾವಿ ತಿರುಗಿಸಿದಾಗ ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು.

ಒಳಗೆ ಎಲ್ಲರಿಗೂ ಖುಷಿ. “ಆತ್ಯಾ ಬಂದ್ರು!” ಎಂದು ರೂಪಾಲಿ ಕೂಸನ್ನು ಅವಳ ಕೈಗಿಟ್ಟಳು. “ಬರಂ ಝಾಲಂ, ಒಳ್ಳೇದಾಯ್ತು. ನಾಳೆಯಿಂದ ಹೀಗೆ ಮಾಡೋಣ. ನೀವು ಸೃಜನ್‌ನ ಕರ್ಕೊಂಡು ಸಂಜೆ ಗಾರ್ಡನ್‌ಗೆ ಹೋಗಿ ಬನ್ನಿ. ಬರುವಾಗ ಕೊತ್ತಂಬರಿ, ಡೈಪರ್ ತನ್ನಿ. ಚಾವಿ ಇದೆಯಲ್ಲ ಈಗ, ನನಗೂ ಓಡಿ ಬಂದು ಬಾಗಿಲು ತೆಗೆಯುವ ಟೆನ್ಶನ್ ಇಲ್ಲ.” ಸೋಫಾದಿಂದ ಸುಹಾಸ, “ಅತ್ತೆ, ಹಾಗಾದರೆ ನನ್ನ ಲಾಂಡ್ರಿ ಸಹ,” ಎಂದ. ಚೆನ್ನಯ ಪೇಪರಿನ ಹಿಂದಿನಿಂದ, “ನೋಡಿದಿರಾ? ಒಂದು ಚಾವಿಯಿಂದ ಎಷ್ಟು ಅನುಕೂಲ ಆಯಿತು ಮನೆಗೆ,” ಎಂದ.

ವಿನೋದಿನಿ ಕೂಸನ್ನು ಹೆಗಲಿಗೆ ಹಾಕಿ ತಟ್ಟುತ್ತ ಹಾಲ್‌ನ ನಡುವೆ ನಿಂತಳು. ಮೊದಲು ಇದ್ದದ್ದು ಈ ಮೂರು ಕೋಣೆ. ಈಗ ಗಾರ್ಡನ್ನೂ ಸೇರಿತು, ಕೊತ್ತಂಬರಿಯ ಗಾಡಿಯೂ ಸೇರಿತು, ಲಾಂಡ್ರಿಯೂ ಸೇರಿತು. ಮನೆ ದೊಡ್ಡದಾಯಿತು, ಅಷ್ಟೇ. ಅವಳಿಗೆ ಆಗ ತಿಳಿಯಿತು, ತನಗೆ ಬೇಕಿದ್ದದ್ದು ಚಾವಿಯಲ್ಲ. ಬಹಳ ತಡವಾಗಿ ತಿಳಿದದ್ದಕ್ಕೆ ನಗುವೂ ಬಂತು. ಕೂಸು ಅವಳ ಕಿವಿ ಹಿಡಿದು ಎಳೆಯಿತು.

ಮಾರನೆಯ ಬೆಳಿಗ್ಗೆ ಅವಳು ಹರಿಣಿಗೆ ಫೋನು ಮಾಡಿ “ಬರ್ತೇನೆ” ಎಂದು ಹೇಳಿ, ಮರದ ಪಟ್ಟಿಯ ಚಾವಿಗಳನ್ನು ಒಂದು ಬುಟ್ಟಿಗೆ ಹಾಕಿ ಮನೆಮನೆಗೆ ಕೊಡಲು ಹೊರಟಳು. ಮರಳಿ ಕೊಡುವುದು ಇಟ್ಟುಕೊಳ್ಳುವುದಕ್ಕಿಂತ ಕಷ್ಟವಾಯಿತು. “ಯಾಕೆ, ನಮ್ಮಿಂದ ಏನು ತಪ್ಪಾಯ್ತು?” ಎಂದರು. “ಮೈಯಲ್ಲಿ ಹುಷಾರಿಲ್ಲವಾ?” ಎಂದರು. ಒಬ್ಬಳು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡಳು. ಹಿತೇಶ ಚಾವಿಯನ್ನು ಕೈಯಲ್ಲಿ ತಿರುಗಿಸುತ್ತ, “ಈಗ ನಾವು ಯಾರಿಗೆ ಕೊಡುವುದು ಬೆನ್?” ಎಂದು ನಿಜವಾಗಿಯೂ ಕೇಳಿದ. ವಾಚ್‌ಮನ್ ಮಾತ್ರ ತನ್ನದನ್ನು ಜೇಬಿಗೆ ಹಾಕಿಕೊಂಡು, “ಇಷ್ಟು ದಿನ ಕೂತಿರಿ, ಕಾಲು ಜೋಮು ಹಿಡಿದಿರಬೇಕು,” ಎಂದ.

ರೂಪಾಲಿ ಅಡುಗೆಮನೆಯಲ್ಲಿ ಅವಳನ್ನು ಹಿಡಿದಳು. ಕಣ್ಣು ಕೆಂಪಾಗಿತ್ತು. “ನನಗೆ ಆವತ್ತೇ ತಿಳಿದಿತ್ತು ಆತ್ಯಾ, ಅದು ನೀವೇ ಅಂತ. ತಿಳಿದೂ ಸುಮ್ಮನಿದ್ದೆ. ಕೆಲಸ ಬಿಟ್ಟರೆ ನಾನೂ ಇದೇ ಮನೆಯಲ್ಲಿ...”

“ಬಿಡಬೇಡ,” ಎಂದಳು ವಿನೋದಿನಿ. “ಕೂಸಿಗೆ ಅಪ್ಪ ಇದ್ದಾನೆ, ಅಜ್ಜ ಇದ್ದಾನೆ. ಅಜ್ಜ ಹೋಟೆಲ್ ನಡೆಸಿದವನು. ಒಂದು ಮಣ್ಣಿ ಕಾಯಿಸಲು ಅವನಿಗೆ ಬರುವುದಿಲ್ಲವಾ? ನೋಡಿಕೊಳ್ಳಲು ಆಳು ಬೇಕಿದ್ದರೆ ಹುಡುಕಿ. ನಾನಿದ್ದೇನೆ ಅಂತ ನೀವು ಹುಡುಕಲೇ ಇಲ್ಲ.”

ಹೊರಡುವ ದಿನ ಬಟ್ಟೆಯ ಒಂದು ಬ್ಯಾಗು, ಒಂದು ಕೈಚೀಲ ಬಿಟ್ಟರೆ ಅವಳದೆನ್ನುವುದು ಬೇರೇನೂ ಇರಲಿಲ್ಲ. ಹಸಿರು ರಿಬ್ಬನಿನ ಚಾವಿಯನ್ನು ಚೆನ್ನಯನ ಮುಂದಿನ ಟೀಪಾಯಿಯ ಮೇಲೆ ಇಟ್ಟಳು.

“ಅದು ಇರಲಿ ನಿನ್ನ ಹತ್ತಿರ,” ಎಂದ ಅವನು, ತಲೆ ಎತ್ತದೆ.

“ಬೇಡ ಅಣ್ಣ. ಬರುವಾಗ ಬೆಲ್ ಮಾಡ್ತೇನೆ. ನೀನು ಬಂದು ತೆಗಿ.”

ಅವನು ಹಲಗೆಯನ್ನು ತೋರಿಸಿ, “ಅದನ್ನು ಎಂತ ಮಾಡುವುದು?” ಎಂದ. ಆರು ಸಾಲು ಹಾಗೆಯೇ ಇದ್ದವು.

“ಒರೆಸಿಬಿಡು. ಮುಂದಿನ ಭಾನುವಾರ ಬೇರೆಯವರದ್ದಕ್ಕೆ ಜಾಗ ಬೇಕಲ್ಲ.”

ಕೂಸು ಮಲಗಿತ್ತು. ಅದು ಏಳುವ ಮೊದಲು ಹೋಗಬೇಕೆಂದು ಅವಳು ಹೊತ್ತು ನೋಡಿ ಇಟ್ಟಿದ್ದಳು. ತೊಟ್ಟಿಲ ಹತ್ತಿರ ಹೋಗಲಿಲ್ಲ. ಹೋದರೆ ಕಾಲು ಏಳುವುದಿಲ್ಲವೆಂದು ಗೊತ್ತಿತ್ತು. ಮದುವೆ ಮುಂಜಿಗೆಂದು ಇಟ್ಟಿದ್ದ ಚಪ್ಪಲಿ ಮೆಟ್ಟಿದಳು. ಹಾಕದೆ ಹಾಕದೆ ಗಟ್ಟಿಯಾಗಿ ಅದು ಹಿಮ್ಮಡಿ ಕಚ್ಚಿತು. ಹೊಸ್ತಿಲು ದಾಟಿ ಬಾಗಿಲೆಳೆದುಕೊಂಡಾಗ ಬೀಗ ತಾನಾಗಿಯೇ ಬಿತ್ತು.

ಮೂರು ಮೆಟ್ಟಿಲು ಇಳಿದಿರಬೇಕು. ಮೇಲಿನ ಮಾಳಿಗೆಯ ಕಟಕಟೆಯಿಂದ ಆ ಮುದುಕಿ ಬಗ್ಗಿ ಕೂಗಿದಳು: “ವಿನೋದಿನೀ, ಇವತ್ತು ನನ್ನ ಮಗಳು ಕಳಿಸಿದ ಕುರಿಯರ್ ಬರುವುದಿದೆ. ಸ್ವಲ್ಪ ತಗೊಂಡು ಇಡ್ತೀಯಾ?”

ವಿನೋದಿನಿಯ ಬಾಯಿಗೆ “ಆಯಿತು” ಎಂಬ ಮಾತು ಅಭ್ಯಾಸದಿಂದ ಬಂದು ನಾಲಿಗೆಯ ತುದಿಯಲ್ಲಿ ನಿಂತಿತು. ಅವಳು ಕಂಬಿ ಹಿಡಿದುಕೊಂಡು ತಲೆ ಮೇಲೆತ್ತಿದಳು.

“ಇಲ್ಲ ಅಮ್ಮ,” ಎಂದಳು. “ನಾನು ಮನೆಯಲ್ಲಿ ಇರುವುದಿಲ್ಲ.”

“ಆಂ?” ಎಂದಿತು ಮೇಲಿನಿಂದ.

“ಇರುವುದಿಲ್ಲ,” ಎಂದು ಇನ್ನೊಮ್ಮೆ, ಬಿಲ್ಡಿಂಗಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಇಳಿದು ಹೋದಳು.